ಎಡಗಡೆ ನಿಂತ ಹುಡುಗಿ

ಬೆಳಿಗ್ಗೆ ಎದ್ದಾಗಿನಿಂದಲೇ ನೊರ್ಬರ್ಟನಿಗೆ ಯಾರ ಮೇಲಾದರೂ ರೇಗಬೇಕೆನಿಸುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರ್ ‘ಮುಂದೆ ಹೋಗಿ ಅಜ್ಜ’ ಎಂದದ್ದಕ್ಕೆ ರೇಗಿಯೂ ಆಗಿತ್ತು. ಅರವತ್ತೊಂದಕ್ಕೇ ಅಜ್ಜನಂತೆ. ಅವನು ಕೆಲಸಕ್ಕಿದ್ದ ಕಂಪನಿಯ, ಮಣ್ಣಗುಡ್ಡದ ಆ ಹೆಂಚಿನ ಮನೆಯ ಮಾಳಿಗೆ ಹತ್ತಿ ತನ್ನ ಮೇಜಿನ ಮುಂದೆ ಕೂತರೆ ಅಲ್ಲೊಂದು ಚೀಟಿ. ಚಿತ್ರ ಬರೆಯುವ ಹುಡುಗಿ ಅಶ್ಮಿತಾಳ ದುಂಡು ಅಕ್ಷರ: ‘ಅಂಕಲ್, ಲಾಸ್ಟ್ ಬ್ಯಾಚ್ ತುಂಬಾ ಹೊಸತು ಕಾಣ್ತದೆ. ಸ್ವಲ್ಪ ಹಳತು ಮಾಡಿ ಪ್ಲೀಸ್.’ ಕೆಳಗೊಂದು ನಗುವ ಮುಖ. ಹಳತು ಮಾಡುವುದಂತೆ! ಮೂವತ್ತನಾಲ್ಕು ವರ್ಷ ಹಂಪನಕಟ್ಟೆಯ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಗಾಜಿನ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಅದನ್ನು ಬದಿಗೆಸೆದು ಇನ್ನೊಂದನ್ನು ಉಜ್ಜಿದ ಕೈ ಇದು. ಅಂಗಡಿ ಮುಚ್ಚಿತು. ಈಗ ಅದೇ ಕೈಯಿಂದ ಒಳ್ಳೆಯ ಹಲಸಿನ ಮರಕ್ಕೆ ಚಹಾದ ಡಿಕಾಕ್ಷನ್ ಬಳಿಯಬೇಕು, ಮಿರಿಮಿರಿ ಮಿಂಚುವ ಹಿತ್ತಾಳೆಯನ್ನು ಉಪ್ಪು ಹಾಕಿದ ವಿನೆಗರಿನಲ್ಲಿ ಅದ್ದಿ ಕಿಲುಬು ಹಿಡಿಸಬೇಕು, ಕೊನೆಗೆ ಮೂಲೆಗಳನ್ನು ಉಪ್ಪುಕಾಗದದಿಂದ ತಿಕ್ಕಿ ಯಾರೋ ನೂರು ವರ್ಷ ಹಿಡಿದಾಡಿದ ಹಾಗೆ ಮಾಡಬೇಕು.

ಜೇಸನ್ ಎಂಬ ಇಪ್ಪತ್ತೊಂಬತ್ತರ ಹುಡುಗ ನಡೆಸುತ್ತಿದ್ದ ಆ ಕಂಪನಿ ಅಂಚೆಯಲ್ಲಿ ಕೊಲೆಗಳನ್ನು ಮಾರುತ್ತಿತ್ತು. ಬೆಂಗಳೂರು, ಪುಣೆ, ದೆಹಲಿಯ ಜನರಿಗೆ ತಿಂಗಳಿಗೊಂದು ಪೆಟ್ಟಿಗೆ. ಅದರೊಳಗೆ ಅರಗಿನ ಮೊಹರು ಒತ್ತಿದ ಕಾಗದಗಳು, ಹರಿದ ಪತ್ರಿಕೆಯ ತುಂಡು, ಯಾವುದೋ ಗಿರಿಧಾಮದ ಬಂಗಲೆಯ ನಕ್ಷೆ. ಓದಿ ಓದಿ ಕೊಂದವರು ಯಾರೆಂದು ಕಂಡುಹಿಡಿಯಬೇಕು. ಜೊತೆಗೆ ಸಂಗ್ರಹಕ್ಕೆಂದು ವಿಕ್ಟೋರಿಯಾ ರಾಣಿಯ ಕಾಲದ ಮಾದರಿಯ ಒಂದು ನೋಟದ ಯಂತ್ರ. ಒಮ್ಮೆ ಬಣ್ಣದ ಚೂರುಗಳ ಕೊಳವೆ, ಒಮ್ಮೆ ತಿರುಗಿಸಿದರೆ ಕುದುರೆ ಓಡುವ ಡಬ್ಬಿ. ಈ ತಿಂಗಳು ಸ್ಟೀರಿಯೋಸ್ಕೋಪ್. ಒಂದೇ ದೃಶ್ಯದ ಎರಡು ಫೋಟೊಗಳನ್ನು ಪಕ್ಕಪಕ್ಕ ಅಂಟಿಸಿದ ಕಾರ್ಡನ್ನು ಎದುರಿಗೆ ಸಿಕ್ಕಿಸಿ ಎರಡು ಗಾಜುಗಳ ಮೂಲಕ ನೋಡಿದರೆ, ಎರಡೂ ಕೂಡಿ ಒಂದಾಗಿ, ಮುಂದಿರುವುದು ಮುಂದೆ ಹಿಂದಿರುವುದು ಹಿಂದೆ ಎದ್ದು ನಿಲ್ಲುತ್ತದೆ. ಪೆಟ್ಟಿಗೆಯ ಮೇಲೆ ‘ವಿಕ್ಟೋರಿಯನ್ ಕುಶಲಕರ್ಮಿಗಳ ಪರಂಪರೆಯಲ್ಲಿ’ ಎಂದು ಚಿನ್ನದ ಅಕ್ಷರದಲ್ಲಿ ಅಚ್ಚಾಗಿತ್ತು. ಆ ಪರಂಪರೆ ಪಡೀಲಿನಿಂದ ದಿನಾ ಎರಡು ಬಸ್ಸು ಬದಲಿಸಿ ಬರುತ್ತದೆಂದು ಬರೆಯಲು ಯಾರಿಗೂ ತೋಚಿರಲಿಲ್ಲ.

ಕಾರ್ಡಿನ ಅಳತೆ ಸರಿಯಿದೆಯೋ ನೋಡೋಣವೆಂದು ಅವನು ಮೂಲೆಯಲ್ಲಿ ಉಳಿದಿದ್ದ ಒಂದು ಪೆಟ್ಟಿಗೆಯನ್ನು ಬಿಚ್ಚಿದ. ಕಾರ್ಡನ್ನು ಸಿಕ್ಕಿಸಿ ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿಟ್ಟ. ಎರಡು ಚಿತ್ರಗಳು ತುಸು ಹೊಯ್ದಾಡಿ ಒಂದರ ಮೇಲೊಂದು ಬಂದು ಕೂತವು. ಕಂಡದ್ದು ಅವನ ಅಮ್ಮ. ಪಡೀಲಿನ ಮನೆಯ ಅಂಗಳದಲ್ಲಿ ಬೆಂಚಿನ ಮೇಲೆ, ತೆರೆದ ಶವಪೆಟ್ಟಿಗೆಯಲ್ಲಿ, ತಲೆ ತುಸು ಎತ್ತರಕ್ಕೆ ಬರುವಂತೆ ಮಲಗಿಸಿದ ಅಮ್ಮ. ಮೂಗು, ಗಲ್ಲ, ಜಪಮಾಲೆ ಸುತ್ತಿದ ಬೆರಳುಗಳು ಒಂದೊಂದೂ ಬೇರೆಬೇರೆಯಾಗಿ ಎದ್ದು ನಿಂತಿದ್ದವು. ಸುತ್ತ ನಿಂತವರು ಮಾತ್ರ ಗಟ್ಟಿಯಾಗಿರಲಿಲ್ಲ. ಎರಡು ಫೋಟೊಗಳ ನಡುವೆ ಅವರೆಲ್ಲ ಉಸಿರಾಡಿದ್ದರು, ಕಾಲು ಬದಲಿಸಿದ್ದರು, ಕಣ್ಣು ಮಿಟುಕಿಸಿದ್ದರು. ಆದ್ದರಿಂದ ಅವರ ಮುಖಗಳು ಹಿಡಿತಕ್ಕೆ ಸಿಗದೆ ಅದುರುತ್ತಿದ್ದವು. ಅಲ್ಲಾಡದೆ ಇದ್ದವಳು ಅವಳೊಬ್ಬಳೇ.

ಅವನಿಗೆ ಆಶ್ಚರ್ಯವಾಗಲಿಲ್ಲ, ಹಾಗೆ ಕಾಣುತ್ತದೆಂದು ಕಂಡುಹಿಡಿದವನೇ ಅವನು. ಸತ್ತವರ ಪೆಟ್ಟಿಗೆಯ ಸುತ್ತ ನಿಂತು ಫೋಟೊ ತೆಗೆಸುವುದು ಊರಿನ ಕ್ರೈಸ್ತರಲ್ಲಿ ಆಗ ಎಲ್ಲರೂ ಮಾಡುತ್ತಿದ್ದದ್ದೇ. ಬರಲಾಗದವರಿಗೆ ಅಂಚೆಯಲ್ಲಿ ಕಳುಹಿಸಲಿಕ್ಕೆ ಅದು ಬೇಕಿತ್ತು. ಅಮ್ಮ ತೀರಿಕೊಂಡ ಎಪ್ಪತ್ತೆರಡನೇ ಇಸವಿಯಲ್ಲಿ ಅಪ್ಪ ಬಹರೈನಿನಲ್ಲಿದ್ದರು, ಬರಲಾಗಲಿಲ್ಲ. ಹಂಪನಕಟ್ಟೆಯಿಂದ ಬಂದ ಫೋಟೊದವನು, ಒಂದರಲ್ಲಿ ಯಾರಾದರೂ ಕಣ್ಣು ಮುಚ್ಚಿರಬಹುದೆಂದು, ಕ್ಯಾಮೆರಾವನ್ನು ಅರ್ಧ ಗೇಣು ಸರಿಸಿ ಇನ್ನೊಂದು ತೆಗೆದ. ಒಂದು ಮನೆಯಲ್ಲಿ ಉಳಿಯಿತು, ಇನ್ನೊಂದು ಸಮುದ್ರ ದಾಟಿ ಅಪ್ಪನಿಗೆ ಹೋಯಿತು. ಅಪ್ಪ ತೀರಿಕೊಂಡು ಎಷ್ಟೋ ವರ್ಷದ ಮೇಲೆ, ಹೋದ ವರ್ಷ, ಅವರ ಟ್ರಂಕನ್ನು ಗುಜರಿಗೆ ಹಾಕುವಾಗ ಅದು ನೊರ್ಬರ್ಟನ ಕೈಗೆ ಸಿಕ್ಕಿತು. ಮನೆಯಲ್ಲುಳಿದದ್ದು ಅಕ್ಕ ಗ್ಲ್ಯಾಡಿಸಳ ಕಪಾಟಿನಲ್ಲಿ ಬೆಡ್‌ಶೀಟುಗಳ ಅಡಿಯಲ್ಲಿ ಮುಖ ಕೆಳಗಾಗಿ ಇರುತ್ತಿತ್ತು. ಅವಳಿಗೆ ಹೇಳದೆ ಅದನ್ನು ತಂದು, ಎರಡನ್ನೂ ಪಕ್ಕಪಕ್ಕ ಇಟ್ಟು, ತಾನು ಕಟ್ಟಿದ ಮೊದಲ ಸ್ಟೀರಿಯೋಸ್ಕೋಪಿನಲ್ಲಿ ನೋಡಿದ. ಅಮ್ಮನ ಮುಖ ಅವನಿಗೆ ನೆನಪೇ ಇರಲಿಲ್ಲ, ಕಾಗದದ ಮೇಲಿನ ಚಪ್ಪಟೆ ಮುಖವೇ ನೆನಪೆಂದುಕೊಂಡಿದ್ದ. ಆ ದಿನ ಮೇಜಿನ ಮುಂದೆ ಕೂತು ಮಗುವಿನ ಹಾಗೆ ಅತ್ತಿದ್ದ. ಆಮೇಲೆ ಒಂದು ತಿಂಗಳು, ಊಟಕ್ಕೆ ಎಲ್ಲರೂ ಕೆಳಗಿಳಿದಾಗ ಕದ್ದು ನೋಡುತ್ತಿದ್ದ.

ಅಲ್ಲಿಗೇ ನಿಲ್ಲಿಸಬಹುದಿತ್ತಲ್ಲ.

ಪೆಟ್ಟಿಗೆಯ ಕಾಗದಗಳನ್ನು ಅವನು ಓದತೊಡಗಿದ. ಕರ್ನಲನ ಹೆಂಡತಿ ಸತ್ತಿದ್ದಾಳೆ. ಮನೆಯಲ್ಲಿ ಎರಡು ಬಾಟ್ಲಿಗಳಿದ್ದವು, ಒಂದು ಕೆಮ್ಮಿನ ಔಷಧಿ, ಇನ್ನೊಂದು ಮೈಗೆ ಹಚ್ಚುವ ಎಣ್ಣೆ. ಓದುತ್ತ ಓದುತ್ತ ಅವನ ಕಿವಿ ಬಿಸಿಯಾಯಿತು. ‘ಉತ್ತರ’ ಎಂದು ಬರೆದ ಮೊಹರಿನ ಲಕೋಟೆಯನ್ನು ಹರಿದ. ‘ಚಿತ್ರದಲ್ಲಿ ಎಡಗಡೆ ನಿಂತ ಹುಡುಗಿಯನ್ನು ಗಮನಿಸಿ. ಆಕೆ ಬಾಯಿಗೆ ಕೈಯಿಟ್ಟುಕೊಂಡದ್ದು ದುಃಖದಿಂದಲ್ಲ. ಎಳೆಯ ದಾದಿ ಗ್ಲೆಂಡಾ ತಿಳಿದೇ ಬಾಟ್ಲಿ ಬದಲಿಸಿದಳು.’ ಎಡಗಡೆ ನಿಂತ ಹುಡುಗಿ, ಹದಿನೈದು ವರ್ಷದವಳು, ಎರಡು ಜಡೆ, ಯಾರದೋ ಕಪ್ಪು ರವಕೆ. ಮುಂದೆ ಮಸ್ಕತ್ತಿನ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ನರ್ಸಾಗಿ ದುಡಿದು ಅವನನ್ನು ಓದಿಸಿದ ಗ್ಲ್ಯಾಡಿಸ್ ಬಾಯ್. ಅಕ್ಕನನ್ನು ಅವನು ಬಾಯ್ ಎಂದೇ ಕರೆಯುವುದು.

ಕೆಳಗೆ ಜೇಸನ್ ಲ್ಯಾಪ್‌ಟಾಪಿನ ಮುಂದೆ ಕೂತು ಬಾಳೆಹಣ್ಣಿನ ಬನ್ಸ್ ತಿನ್ನುತ್ತಿದ್ದ. ಎದುರಿಗೆ ಅಶ್ಮಿತಾ. ನೊರ್ಬರ್ಟ್ ಕಾರ್ಡನ್ನು ಬನ್ಸಿನ ತಟ್ಟೆಯ ಮೇಲೆಯೇ ಇಟ್ಟ.

‘ಇದೆಂತ?’

‘ಕಾರ್ಡ್ ಅಂಕಲ್. ಸೂಪರ್ ಬಂದಿದೆ ಅಲ್ವಾ?’ ಜೇಸನ್ ಎಣ್ಣೆ ತಾಗದ ಹಾಗೆ ಅದನ್ನು ಮೆಲ್ಲ ಎತ್ತಿ ಬದಿಗಿಟ್ಟ.

‘ಇದು ನನ್ನ ಅಮ್ಮ.’

‘ಗೊತ್ತುಂಟು ಅಂಕಲ್. ನೀವೇ ಕೊಟ್ಟದ್ದಲ್ವಾ? ಯೂಸ್ ಮಾಡ್ಬಹುದಾ ಅಂತ ನಾನು ಕೇಳಿದೆ, ಅದಕ್ಕೆಂತ, ಮಾಡಿ ಅಂದ್ರಿ. ಅಶ್ಮಿತಾ ಕೂಡ ಇದ್ಳು.’

ಅಶ್ಮಿತಾ ನೆಲ ನೋಡಿದಳು. ಅಂದಿದ್ದ, ಹೌದು. ಆ ಸಂಜೆ ಚಹಾದ ಹೊತ್ತಿಗೆ ಇಬ್ಬರೂ ಗಲ್ಲಕ್ಕೆ ಕೈಯಿಟ್ಟು ಅವನ ಮಾತು ಕೇಳುತ್ತಿದ್ದರು. ಎರಡು ಫೋಟೊ ಕೂಡಿದ ಚೋದ್ಯವನ್ನು ತೋರಿಸಿದಾಗ ಜೇಸನ್ ‘ಅಂಕಲ್ ನೀವು ಜೀನಿಯಸ್ ಮಾರಾಯ್ರೆ’ ಎಂದಿದ್ದ. ಜೀವಮಾನದಲ್ಲಿ ಯಾರೂ ಅವನಿಗೆ ಹಾಗೆ ಅಂದಿರಲಿಲ್ಲ. ಕನ್ನಡಕದಂಗಡಿಯ ಧಣಿ ಅವನ ಹೆಸರನ್ನೇ ಸರಿಯಾಗಿ ಹೇಳುತ್ತಿರಲಿಲ್ಲ. ಆ ಒಂದು ಮಾತಿನ ಅಮಲಿನಲ್ಲಿ ಅವನು ಇನ್ನಷ್ಟು ಬಿಚ್ಚಿದ. ಅಮ್ಮ ಹೇಗೆ ಸತ್ತಳು, ಎರಡು ಬಾಟ್ಲಿ, ಅಕ್ಕ ಕೆಮ್ಮಿನ ಔಷಧಿಯೆಂದು ಹಚ್ಚುವ ಎಣ್ಣೆ ಕುಡಿಸಿದಳೆಂದು ವಿನಿಫ್ರೆಡ್ ಮಾವ್ಶಿ, ಅಮ್ಮನ ಸ್ವಂತ ತಂಗಿ, ಊರಿಡೀ ಹೇಳಿಕೊಂಡು ತಿರುಗಿದ್ದು. ಹೇಳುವಾಗ ದನಿ ತಗ್ಗಿಸಿದ್ದ, ಬೇಕಾದಲ್ಲಿ ನಿಲ್ಲಿಸಿದ್ದ. ಅಶ್ಮಿತಾಳ ಕಣ್ಣು ಅಗಲವಾದದ್ದನ್ನು ಕಂಡು ಖುಷಿಪಟ್ಟಿದ್ದ.

‘ಫೋಟೊ ಅಂದ್ರೆ ಫೋಟೊ. ನನ್ನ ಅಕ್ಕನನ್ನು ಕೊಲೆಗಾರ್ತಿ ಮಾಡಿ ಅಂತ ಹೇಳಿದ್ನಾ ನಾನು?’

‘ಹೆಸರು ಚೇಂಜ್ ಮಾಡಿದ್ದೇವೆ ಅಂಕಲ್.’

‘ಮುಖ ಚೇಂಜ್ ಮಾಡಿದ್ದೀಯಾ?’

‘ಐವತ್ತು ವರ್ಷದ ಹಿಂದಿನ ಮುಖ. ಯಾರಿಗೆ ಗೊತ್ತಾಗ್ತದೆ ಹೇಳಿ?’

ನೊರ್ಬರ್ಟ್ ಕೈಯಲ್ಲಿದ್ದ ಸ್ಟೀರಿಯೋಸ್ಕೋಪನ್ನು ನೆಲಕ್ಕೆ ಅಪ್ಪಳಿಸಿದ. ಅದು ಒಮ್ಮೆ ಪುಟಿದು, ಕುರ್ಚಿಯ ಕಾಲಿಗೆ ಬಡಿದು ನಿಂತಿತು. ಗಾಜು ಒಡೆಯಲಿಲ್ಲ. ಅವನೇ ಗಟ್ಟಿಯಾಗಿ ಕೂರಿಸಿದ ಗಾಜು, ಹೇಗೆ ಒಡೆದೀತು? ಅಶ್ಮಿತಾ ಬಗ್ಗಿ ಅದನ್ನೆತ್ತಿ ಮೇಜಿನ ಮೇಲಿಟ್ಟಳು. ಆ ಮರ್ಯಾದೆ ಅವನನ್ನು ಇನ್ನೂ ಕೆರಳಿಸಿತು. ನಾಚಿಕೆಗೆಟ್ಟವರು, ಹೆತ್ತವಳ ಹೆಣ ಮಾರುವವರು, ನಿಮ್ಮ ಮನೆಯವರನ್ನು ಹೀಗೆ ಪೆಟ್ಟಿಗೆಗೆ ಹಾಕಿ ಮಾರ್ತೀರಾ ಎಂದೆಲ್ಲ ಕಿರುಚಿದ. ಎಲ್ಲವನ್ನೂ ವಾಪಸ್ ತರಿಸು ಎಂದ. ಜೇಸನ್ ಎದ್ದು ನಿಂತ. ಅವನೇನೂ ಕೆಟ್ಟವನಲ್ಲ, ಮುಖ ನಿಜವಾಗಿಯೂ ಸಪ್ಪಗಾಗಿತ್ತು.

‘ಅಂಕಲ್, ಎಲ್ಲ ಮೊನ್ನೆಯೇ ಪೋಸ್ಟಿಗೆ ಹೋಯ್ತು. ಸಾರಿ. ನಿಜವಾಗಿ ಸಾರಿ. ನಾವು ನಿಮ್ಗೆ ಖುಷಿ ಆಗ್ತದೆ ಅಂತ...’ ಅವನು ಅಶ್ಮಿತಾಳ ಕಡೆ ನೋಡಿದ.

‘ಒಂದು ಗ್ಲ್ಯಾಡಿಸ್ ಆಂಟಿಗೂ ಕಳಿಸಿದ್ದೇವೆ ಅಂಕಲ್,’ ಎಂದಳು ಅಶ್ಮಿತಾ. ‘ನಿಮ್ಮ ಮನೆಗೆ. ಸರ್ಪ್ರೈಸ್ ಅಂತ. ಒಳಗೆ ಥ್ಯಾಂಕ್ಸ್ ಕಾರ್ಡ್ ಉಂಟು, ನೊರ್ಬರ್ಟ್ ಅಂಕಲ್ ಹೇಳಿದ ಕಥೆಗೆ ಅಂತ. ಇವತ್ತು ಬರ್ಬೇಕು.’

ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ಪಡೀಲಿಗೆ ಅಂಚೆಯವನು ಹನ್ನೆರಡೂವರೆಯ ಹೊತ್ತಿಗೆ ಬರುತ್ತಾನೆ.

ರಸ್ತೆಗಿಳಿದವನೇ ಫೋನ್ ಮಾಡಿದ. ಗ್ಲ್ಯಾಡಿಸ್ ಆರನೇ ರಿಂಗಿಗೆ ಎತ್ತಿದಳು.

‘ಎಂತ?’

‘ಎಂತ ಇಲ್ಲ ಬಾಯ್. ಪೋಸ್ಟ್ ಬಂತಾ?’

‘ಇಲ್ಲ. ನಿನಗೆ ಯಾರು ಪತ್ರ ಬರೆಯುವುದು?’

‘ಒಂದು ಪೆಟ್ಟಿಗೆ ಬರ್ಬಹುದು. ತೆಗೀಬೇಡ.’

‘ಯಾಕೆ, ಬಾಂಬ್ ಉಂಟಾ?’

‘ತೆಗೀಬೇಡ ಅಂದ್ರೆ ತೆಗೀಬೇಡ, ಅಷ್ಟೇ!’

ಅತ್ತ ಕಡೆ ಅವಳು ‘ಮೀನು ಕಾಯಿಸ್ಲಿಕ್ಕುಂಟು’ ಎಂದು ಫೋನಿಟ್ಟಳು. ಇಟ್ಟ ಮೇಲೆ ಅವನಿಗೆ ತಾನು ಮಾಡಿದ ಮಂಗಾಟ ಹೊಳೆಯಿತು. ಈಗ ಅವಳು ಅದನ್ನು ತೆರೆಯದೆ ಬಿಡುತ್ತಾಳೆಯೇ? ಅವನೇ ತೆರೆಯಲು ಹೇಳಿದ ಹಾಗಾಯಿತು.

ಹಂಪನಕಟ್ಟೆಯಲ್ಲಿ ಬಸ್ಸು ಬದಲಿಸಿದ. ಕಂಕನಾಡಿಯ ಹತ್ತಿರ ಬಸ್ಸು ನಿಂತೇಬಿಟ್ಟಿತು, ಮುಂದೆ ಯಾವುದೋ ಲಾರಿ ಅಡ್ಡ. ಬೆವರು, ಡೀಸೆಲ್ ಹೊಗೆ, ಪಕ್ಕದವನ ಚೀಲದಿಂದ ಏಳುವ ಒಣಮೀನಿನ ನಾತ. ನೊರ್ಬರ್ಟ್ ಜೇಸನನನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಬೈಯತೊಡಗಿದ, ಈ ಸಲ ಇನ್ನೂ ಚೆನ್ನಾಗಿ. ಕೇಸು ಹಾಕುತ್ತೇನೆ. ಪೇಪರಿನವರಿಗೆ ಹೇಳುತ್ತೇನೆ. ತಿಳಿದೇ ಬದಲಿಸಿದಳಂತೆ! ಅವಳ ಬದುಕು ಇವರಿಗೇನು ಗೊತ್ತು? ಎರಡು ಸಂಬಂಧ ಬಂದು ವಾಪಸಾದವು, ವಿನಿಫ್ರೆಡ್ ಮಾವ್ಶಿಯ ಮಾತು ಎರಡು ಸಲವೂ ಅವಳಿಗಿಂತ ಮೊದಲೇ ಆ ಮನೆಗಳನ್ನು ತಲುಪಿತ್ತು. ಮೂರನೆಯದಕ್ಕೆ ಅವಳೇ ಬೇಡವೆಂದು ಮಸ್ಕತ್ತಿಗೆ ಹೋದಳು. ಇವತ್ತಿಗೂ ಅವನಿಗೆ ಜ್ವರದ ಒಂದು ಮಾತ್ರೆ ಕೊಡಬೇಕಾದರೆ ಅವಳು ಕನ್ನಡಕ ಹಾಕಿ ಹಾಳೆಯ ಮೇಲಿನ ಹೆಸರನ್ನು ಮೂರು ಸಲ ಗಟ್ಟಿಯಾಗಿ ಓದುತ್ತಾಳೆ. ಅವನು ಅದಕ್ಕೆ ನಗುತ್ತಿದ್ದ. ‘ಸಾಕು ಬಾಯ್, ಪಾದ್ರಿಗಳು ಕೂಡ ಇಷ್ಟು ಓದುವುದಿಲ್ಲ’ ಎನ್ನುತ್ತಿದ್ದ. ಹೇಗೆ ನಗಲಾಯಿತು ತನಗೆ?

ಐವತ್ತೆರಡು ವರ್ಷದ ಹಿಂದಿನ ಆ ಸಂಜೆ ಏಳು ಗಂಟೆ, ಮನೆಯವರೆಲ್ಲ ಜಪಮಾಲೆ ಪ್ರಾರ್ಥಿಸುವ ತೆರ್ಸ್‌ನ ಹೊತ್ತು. ದೇವರ ಅಲ್ತಾರಿನ ಮುಂದೆ ದೀಪ, ಜಪಮಾಲೆ ಹಿಡಿದು ಮೊಣಕಾಲೂರಿದ ಗ್ಲ್ಯಾಡಿಸ್, ಹಿಂದಿನ ಮಂಚದಲ್ಲಿ ಕೆಮ್ಮುವ ಅಮ್ಮ. ತೆರ್ಸ್ ಶುರುವಾದರೆ ನಡುವೆ ಮಾತಾಡುವಂತಿರಲಿಲ್ಲ. ಹಿಂದಿನ ವಾರ ಬೆಕ್ಕನ್ನು ಕಂಡು ನಕ್ಕದ್ದಕ್ಕೆ ಅವನನ್ನು ಇಡೀ ತೆರ್ಸ್ ಕೈಗಳನ್ನು ಅಗಲಿಸಿ ಕೂರಿಸಿದ್ದರು, ತೋಳು ಎರಡು ದಿನ ನೋಯುತ್ತಿತ್ತು. ಅಮ್ಮನ ಕೆಮ್ಮು ಜೋರಾಯಿತು. ಗ್ಲ್ಯಾಡಿಸ್ ‘ನಮಾನ್ ಮರಿಯೆ’ ನಿಲ್ಲಿಸದೆ ಗಲ್ಲದಿಂದ ಶೆಲ್ಫಿನ ಕಡೆ ಸನ್ನೆ ಮಾಡಿದಳು. ಅವನು ಎದ್ದು, ಸ್ಟೂಲು ಹತ್ತಿ, ಕೈಗೆ ಸಿಕ್ಕ ಕಂದು ಬಾಟ್ಲಿಯನ್ನು ತಂದು ಮುಚ್ಚಳ ತೆಗೆದ. ಕರ್ಪೂರದ, ಟರ್ಪೆಂಟೈನಿನ ಖಾರ ವಾಸನೆ ಮೂಗಿಗೆ ಹೊಡೆಯಿತು. ಅದು ಅಪ್ಪ ಊರಿಗೆ ಬಂದಾಗ ಅವರ ಬೆನ್ನಿಗೆ ತಿಕ್ಕುವ ಎಣ್ಣೆ. ಅವನಿಗೆ ಗೊತ್ತಾಯಿತು. ಆ ವಾರ ಗ್ಲ್ಯಾಡಿಸಳಿಗೆ ನೆಗಡಿ, ಮೂಗು ಕಟ್ಟಿತ್ತು. ಅವಳು ಎಡಗೈಯಲ್ಲಿ ಮಣಿ ಹಿಡಿದೇ ಬಲಗೈ ಚಾಚಿದಳು. ಇದಲ್ಲ ಎನ್ನಬೇಕಿತ್ತು. ಮೂರೇ ಮೂರು ಅಕ್ಷರ. ಅವನ ತೋಳು ನೆನಪಾಯಿತು, ಬಾಯಿ ಬಿಡಲಿಲ್ಲ. ಅಮ್ಮ ನುಂಗಿ ಮುಖ ಹಿಂಡಿದಳು, ಔಷಧಿ ಕುಡಿದವರೆಲ್ಲ ಹಿಂಡುವ ಹಾಗೆ. ಬೆಳಗಾಗುವಷ್ಟರಲ್ಲಿ ಆಗಿಹೋಗಿತ್ತು. ಡಾಕ್ಟರು ಹೃದಯ ಎಂದು ಬರೆದುಕೊಟ್ಟರು. ಕಿಟಕಿಯಲ್ಲಿದ್ದ ಬಾಟ್ಲಿಯನ್ನು ಮೂಸಿ ನೋಡಿದವಳು ವಿನಿಫ್ರೆಡ್ ಮಾವ್ಶಿ.

ಮಣ್ಣಗುಡ್ಡದ ಚಹಾದ ಹೊತ್ತಿನಲ್ಲಿ ಅವನು ಎಲ್ಲ ಹೇಳಿದ್ದ, ಬೆಕ್ಕಿನವರೆಗೆ ಹೇಳಿದ್ದ. ಇದೊಂದನ್ನು ಬಿಟ್ಟಿದ್ದ. ಐವತ್ತೆರಡು ವರ್ಷ ಎಲ್ಲಿ ಹೇಳಿದರೂ ಇದೊಂದನ್ನು ಬಿಟ್ಟೇ ಹೇಳಿದ್ದ. ಬಿಟ್ಟು ಬಿಟ್ಟು, ಆ ಬಾಟ್ಲಿ ತಾನಾಗಿಯೇ ಶೆಲ್ಫಿನಿಂದ ಇಳಿದು ಅಕ್ಕನ ಕೈಗೆ ಬಂದದ್ದೆಂದು ಕೆಲವೊಮ್ಮೆ ಅವನಿಗೇ ಅನಿಸುತ್ತಿತ್ತು. ಬಸ್ಸು ಹೊರಡದಿದ್ದದ್ದಕ್ಕೆ ಅವನು ಡ್ರೈವರನನ್ನು ಬೈದ. ಡ್ರೈವರ್ ತಿರುಗಿ, ‘ಅರ್ಜೆಂಟ್ ಇದ್ರೆ ಇಳಿದು ನಡೀರಿ’ ಎಂದ. ಬಸ್ಸಿನವರೆಲ್ಲ ನಕ್ಕರು. ನೊರ್ಬರ್ಟ್ ಇಳಿದು ನಡೆದೇಬಿಟ್ಟ. ಸ್ವಲ್ಪ ಹೊತ್ತಿಗೆ ಅದೇ ಬಸ್ಸು ಅವನನ್ನು ದಾಟಿ ಪಡೀಲಿನ ಕಡೆ ಹೋಯಿತು.

ಮನೆ ತಲುಪುವಾಗ ಒಂದು ಗಂಟೆ ದಾಟಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಬಾಗಿಲು ತೆರೆದೇ ಇತ್ತು. ಊಟದ ಮೇಜಿನ ಮೇಲೆ ಪೆಟ್ಟಿಗೆ, ಪಕ್ಕದಲ್ಲಿ ಚೂರಿಯಿಂದ ನೀಟಾಗಿ ಕತ್ತರಿಸಿದ ಅಂಟುಪಟ್ಟಿ. ಕಾಗದಗಳನ್ನು ಓದಿದ ಕ್ರಮದಲ್ಲಿ ಒಂದರ ಮೇಲೊಂದು ಜೋಡಿಸಿತ್ತು. ಎಲ್ಲಕ್ಕಿಂತ ಮೇಲೆ ಉತ್ತರದ ಹಾಳೆ. ಗ್ಲ್ಯಾಡಿಸ್ ಕಿಟಕಿಯ ಹತ್ತಿರ ಕೂತು ಸ್ಟೀರಿಯೋಸ್ಕೋಪನ್ನು ಕಣ್ಣಿಗೆ ಹಿಡಿದಿದ್ದಳು.

‘ಮಾಂಯ್ ಎಷ್ಟು ಚಂದ ಇದ್ದಳಲ್ಲ,’ ಎಂದಳು ಅಮ್ಮನ ಮುಖದಿಂದ ಕಣ್ಣು ತೆಗೆದು ಅವನ ಕಡೆ ತಿರುಗದೆ. ‘ಕೆನ್ನೆಯಲ್ಲಿ ಗುಳಿ ಇದ್ದದ್ದು ಮರ್ತೇ ಹೋಗಿತ್ತು.’

‘ಬಾಯ್, ಆ ಪೋಕರಿಗಳು... ನಾನು ಅವರನ್ನು ಸುಮ್ಮನೆ ಬಿಡುವುದಿಲ್ಲ. ಕೇಸ್ ಹಾಕ್ತೇನೆ. ಮುಖಕ್ಕೆ ಉಗಿದು ಬಂದಿದ್ದೇನೆ. ನನಗೆ ಗೊತ್ತೇ ಇರ್ಲಿಲ್ಲ, ದೇವರಾಣೆ ಗೊತ್ತಿರ್ಲಿಲ್ಲ. ಸುಳ್ಳು ಸುಳ್ಳೇ ಕಥೆ ಕಟ್ಟಿ...’

‘ಕಥೆ ಅವರಿಗೆ ಯಾರು ಹೇಳಿದ್ದು?’

‘ವಿನಿಫ್ರೆಡ್ ಮಾವ್ಶಿ ಹೇಳಿಕೊಂಡು ತಿರುಗಿದ್ದು ಅಲ್ವಾ, ಊರಿಗೇ ಗೊತ್ತಿರುವ...’

‘ವಿನಿಫ್ರೆಡ್ ಸತ್ತು ಇಪ್ಪತ್ತು ವರ್ಷ ಆಯ್ತು. ಅವಳು ಮಣ್ಣಗುಡ್ಡಕ್ಕೆ ಬಂದು ಹೇಳಿದ್ಲಾ?’

ಅವನು ಕುರ್ಚಿಯ ಬೆನ್ನನ್ನು ಹಿಡಿದುಕೊಂಡ. ಅಡಿಗೆಮನೆಯಿಂದ ಕಾಯಿಸಿದ ಮೀನಿನ ವಾಸನೆ ಬರುತ್ತಿತ್ತು. ಹಸಿವಾಯಿತು, ಈ ಹೊತ್ತಿನಲ್ಲೂ ಹಸಿವಾಯಿತಲ್ಲ ಎಂದು ತನ್ನ ಮೇಲೆ ಅಸಹ್ಯಪಟ್ಟ.

‘ನಾನು ಹೇಳಿದ್ದು,’ ಎಂದ.

ಗ್ಲ್ಯಾಡಿಸ್ ಸ್ಟೀರಿಯೋಸ್ಕೋಪನ್ನು ಮಡಿಲಿಗಿಳಿಸಿದಳು. ಕಣ್ಣಿನ ಸುತ್ತ ಮರದ ಅಂಚು ಒತ್ತಿ ಕೆಂಪು ಗೆರೆ ಮೂಡಿತ್ತು. ಅವಳು ಅತ್ತಿರಲಿಲ್ಲ. ಆ ಮುಖದಲ್ಲಿದ್ದ ಸಿಟ್ಟನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

‘ಬಾಟ್ಲಿ ಯಾರು ತಂದದ್ದು ಅಂತ ಹೇಳಿದ್ಯಾ ಅವರಿಗೆ?’

ಅವನು ಮೇಜಿನ ಮೇಲಿನ ಅಂಟುಪಟ್ಟಿಯನ್ನು ಬೆರಳಿಗೆ ಸುತ್ತತೊಡಗಿದ.

‘ಮುಚ್ಚಳ ತೆಗೆದು ನೀನು ಮುಖ ಆ ಕಡೆ ತಿರುಗಿಸಿದ್ದು?’

ಅದನ್ನು ಯಾರೂ ಕಂಡಿಲ್ಲವೆಂದೇ ಅವನು ಇಷ್ಟು ವರ್ಷ ಬದುಕಿದ್ದ. ‘ನೀನು... ನೋಡಿದ್ಯಾ?’

‘ಕಣ್ಣು ಮುಚ್ಚಿಕೊಂಡು ಚಮಚಕ್ಕೆ ಔಷಧಿ ಹೊಯ್ಲಿಕ್ಕೆ ಆಗ್ತದಾ? ನೋಡಿದೆ. ತೆರ್ಸ್‌ನಲ್ಲಿ ತಮಾಷೆ ಮಾಡ್ತಿದ್ದೀಯ ಅಂತ ಎಣಿಸಿದೆ. ಯಾಕೆ ತಿರುಗಿಸಿದ್ದು ಅಂತ ಬೆಳಿಗ್ಗೆ ಗೊತ್ತಾಯ್ತು.’

‘ಮತ್ತೆ ಯಾಕೆ ಹೇಳ್ಲಿಲ್ಲ? ಮಾವ್ಶಿಗೆ, ಪಪ್ಪನಿಗೆ, ಆ ಸಂಬಂಧದವರಿಗೆ? ಇಷ್ಟು ವರ್ಷ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ?’ ಅವನು ಕಿರುಚುತ್ತಿದ್ದ, ಅವಳೇ ಅವನಿಗೆ ಮೋಸ ಮಾಡಿದವಳೆಂಬ ಹಾಗೆ. ಕಿರುಚುವುದು ಕೇಳಿ ಆಚೆ ಮನೆಯ ಕಿಟಕಿ ತೆರೆಯಿತು.

ಗ್ಲ್ಯಾಡಿಸ್ ಎದ್ದಳು. ಕಾಗದಗಳನ್ನು ಪೆಟ್ಟಿಗೆಯೊಳಗಿಟ್ಟು, ಸ್ಟೀರಿಯೋಸ್ಕೋಪನ್ನು ಮಾತ್ರ ಕೈಯಲ್ಲೇ ಉಳಿಸಿಕೊಂಡಳು.

‘ಆಗ ನಿನಗೆ ಒಂಬತ್ತು ವರ್ಷ,’ ಎಂದಳು. ‘ಈಗ ಅರವತ್ತೊಂದು, ನೊರ್ಬಾ.’

ಅವಳು ಅಡಿಗೆಮನೆಗೆ ಹೋದಳು. ಅನ್ನದ ಪಾತ್ರೆಯ ಮುಚ್ಚಳ ತೆಗೆದ ಸದ್ದು ಕೇಳಿತು, ಆಮೇಲೆ ಒಂದು ಬಟ್ಟಲನ್ನು ಕಪಾಟಿನಿಂದ ಎತ್ತಿದ ಸದ್ದು. ಎರಡನೆಯ ಬಟ್ಟಲಿನ ಸದ್ದಿಗಾಗಿ ನೊರ್ಬರ್ಟ್ ಕಿವಿಗೊಟ್ಟು ನಿಂತ. ಒಳಗೆ ಅವಳು ಒಬ್ಬಳೇ ಕೂತು ಉಣ್ಣತೊಡಗಿದಳು.